ಒಂದು ಚಿತ್ರ, ಹಲವು ಬೆಳಕು

ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದೊಳಗೆ ನಿಂತು ಹೊರಗಿನ ಬಿಸಿಲನ್ನು ನೋಡಿದವರಿಗೆ ಜಾಲಂಧ್ರವೆಂದರೇನು ಎಂದು ವಿವರಿಸಬೇಕಾಗಿಲ್ಲ. ಕಲ್ಲಿನ ಚಪ್ಪಡಿಯಲ್ಲಿ ನಕ್ಷತ್ರಾಕಾರದ ರಂಧ್ರಗಳು. ರಂಧ್ರವಿದ್ದಲ್ಲಿ ಹೊರಗಿನ ಅಂಗಳ ಕಾಣುತ್ತದೆ, ಕಲ್ಲು ಇದ್ದಲ್ಲಿ ಕಲ್ಲೇ ಕಾಣುತ್ತದೆ. ಕಣ್ಣಿಗೆ ಬೀಳುವುದು ಒಂದೇ ದೃಶ್ಯ. ಆದರೆ ಅದು ಎರಡು ಪದರಗಳಿಂದ ಆದದ್ದು. 1117ರಲ್ಲಿ ವಿಷ್ಣುವರ್ಧನನ ಆಳ್ವಿಕೆಯಲ್ಲಿ ಪ್ರತಿಷ್ಠೆಯಾದ ಈ ಗುಡಿಯ ನವರಂಗ ಮೊದಲು ತೆರೆದೇ ಇತ್ತೆಂದೂ ಜಾಲಂಧ್ರಗಳನ್ನು ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕೂರಿಸಲಾಯಿತೆಂದೂ ಇತಿಹಾಸಕಾರರು ಹೇಳುತ್ತಾರೆ. ಇಂದು ಚಿತ್ರ ಸಂಪಾದನೆಯ ತಂತ್ರಾಂಶಗಳಲ್ಲಿ 'ಮಾಸ್ಕ್' ಎಂದು ಕರೆಯುವುದು ಇಂಥದೊಂದು ಜಾಲಂಧ್ರವನ್ನೇ. ಮೇಲಿನ ಚಿತ್ರ ಎಲ್ಲಿ ಕಾಣಬೇಕು, ಎಲ್ಲಿ ಅದರ ಮೂಲಕ ಕೆಳಗಿನ ಚಿತ್ರ ಇಣುಕಬೇಕು ಎಂಬುದನ್ನು ತೀರ್ಮಾನಿಸುವ ತೂತುಗಳ ಹಲಗೆ ಅದು.

ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಮುಖಚಿತ್ರಗಳನ್ನು ನಾವು ದಿನವೂ ನೋಡುತ್ತೇವೆ. ಮದುವೆಯ ಆಲ್ಬಮ್ಮಿನಲ್ಲಿ ವಧುವಿನ ಮುಖದೊಳಗಿಂದ ಮಂಟಪ ಮೂಡಿಬರುತ್ತದೆ. ಶಾಲೆಯ ವಾರ್ಷಿಕ ಸಂಚಿಕೆಯ ರಕ್ಷಾಪುಟದಲ್ಲಿ ನಲವತ್ತು ಮಕ್ಕಳ ಮುಖಗಳು ಒಂದರೊಳಗೊಂದು ಕರಗಿರುತ್ತವೆ. ಊರಹಬ್ಬಕ್ಕೆ ಶುಭಕೋರುವ ಫ್ಲೆಕ್ಸ್ ಫಲಕದ ಬಗ್ಗೆ ಹೇಳುವುದೇ ಬೇಡ. ಅಲ್ಲಿ ದೇವರಿಗಿಂತ ಮುಖಂಡರ ಮುಖಗಳೇ ದೊಡ್ಡವು. ಇದೆಲ್ಲ ಕಂಪ್ಯೂಟರಿನ ಕೂಸು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿದೆ. ಆದರೆ ಛಾಯಾಚಿತ್ರಗಳನ್ನು ಪದರಪದರವಾಗಿ ಬೆಸೆಯುವ ವಿದ್ಯೆ ಛಾಯಾಗ್ರಹಣದಷ್ಟೇ ಎನ್ನುವಷ್ಟು ಹಳೆಯದು. ಅದರ ಚರಿತ್ರೆಯಲ್ಲಿ ನಮ್ಮ ಹಾಸನ ಜಿಲ್ಲೆಯ ಗುಡಿಗಳಿಗೂ ಒಂದು ಸ್ಥಾನವಿದೆ.

ಬೆಂಗಳೂರಿನಿಂದ ಹಳೇಬೀಡಿಗೆ, 1854

ಲಿನೇಯಸ್ ಟ್ರೈಪ್ (1822-1902) ಮದ್ರಾಸ್ ಸೈನ್ಯದ ಅಧಿಕಾರಿ. ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಛಾಯಾಗ್ರಹಣ ಕಲಿತು, 1853ರಲ್ಲಿ ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿಯ ಸದಸ್ಯನಾಗಿ, ಮರುವರ್ಷ ಬೆಂಗಳೂರಿಗೆ ಮರಳಿದ. 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ಗುಡಿಗಳ ಚಿತ್ರ ತೆಗೆದ. 1855ರ ಮದ್ರಾಸ್ ವಸ್ತುಪ್ರದರ್ಶನದಲ್ಲಿ ಅವನ 68 ಚಿತ್ರಗಳು ಪ್ರದರ್ಶನಗೊಂಡು ಪ್ರಥಮ ದರ್ಜೆಯ ಪದಕ ಪಡೆದುವು. ಅದೇ ದಶಕದಲ್ಲಿ ಡಾ. ನೀಲ್ ಎಂಬ ಸೇನಾ ವೈದ್ಯರೂ ಹೊಯ್ಸಳ ಗುಡಿಗಳ ಚಿತ್ರಗಳನ್ನು ತೆಗೆದರು. ನೀಲ್, ಪಿಗೂ ಮತ್ತು ಬಿಗ್ಸ್ ಈ ಮೂವರ ಚಿತ್ರಗಳನ್ನು ಸೇರಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪದ ಮೇಲೆ ಒಂದು ದೊಡ್ಡ ಪುಸ್ತಕ ಹೊರಬಂತು. ಅದರ ಚಾರಿತ್ರಿಕ ಭಾಗವನ್ನು ಬರೆದವರು ಸುರಪುರದ ಇತಿಹಾಸ ಬಲ್ಲವರಿಗೆಲ್ಲ ಪರಿಚಿತರಾದ ಮೆಡೋಸ್ ಟೇಲರ್. ವಾಸ್ತುವಿನ ಟಿಪ್ಪಣಿಗಳು ಜೇಮ್ಸ್ ಫರ್ಗುಸನ್ನನದು.

ಆಗಿನ ಛಾಯಾಗ್ರಹಣ ಇಂದಿನಂತೆ ಗುಂಡಿ ಒತ್ತುವ ಕೆಲಸವಾಗಿರಲಿಲ್ಲ. ಗಾಜಿನ ಮೇಲೆ ಕೊಲೋಡಿಯನ್ ಬಳಿಯುವ ಹೊಸ ವಿಧಾನದಲ್ಲಿ ತಟ್ಟೆ ಒದ್ದೆಯಾಗಿರುವಾಗಲೇ ಚಿತ್ರ ತೆಗೆದು ಸಂಸ್ಕರಿಸಿ ಮುಗಿಸಬೇಕು. ನಮ್ಮ ಬಿಸಿಲಿನಲ್ಲಿ ಅದು ನಿಮಿಷಗಳಲ್ಲಿ ಒಣಗುತ್ತದೆ. ಹೀಗಾಗಿ ಪ್ರವಾಸ ಹೊರಟವರು ಮೇಣ ಹಚ್ಚಿದ ಕಾಗದದ ನೆಗೆಟಿವನ್ನು ಮೆಚ್ಚಿದರು. ಅದನ್ನು ಮೊದಲೇ ತಯಾರಿಸಿ ಇಟ್ಟುಕೊಳ್ಳಬಹುದಿತ್ತು. ಎಕ್ಸ್‌ಪೋಷರ್ ಮಾತ್ರ ನಿಮಿಷಗಟ್ಟಲೆ. ಅಂಗಳದಲ್ಲಿ ನಡೆದಾಡಿದವರು ಚಿತ್ರದಲ್ಲಿ ಉಳಿಯುತ್ತಲೇ ಇರಲಿಲ್ಲ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರಿಂದ ಒಂದು ಪ್ರಯೋಜನ ಪಡೆಯಲಿದ್ದೇವೆ.

ಭೌತಶಾಸ್ತ್ರದ ದೃಷ್ಟಿಯಿಂದ ದೊಡ್ಡ ತೊಡಕು ಆಕಾಶದ್ದು. ಸಿಲ್ವರ್ ಅಯೊಡೈಡ್ ನೀಲಿ ಮತ್ತು ನೇರಳಾತೀತ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಹಸಿರು, ಕೆಂಪುಗಳಿಗೆ ಕುರುಡು. ಬಣ್ಣಗಳನ್ನು ಬೆರೆಸಿ ಈ ಕುರುಡನ್ನು ನಿವಾರಿಸುವ ದಾರಿ ಗೊತ್ತಾದದ್ದು 1873ರಲ್ಲಿ, ಹರ್ಮನ್ ಫೋಗೆಲ್ಲನಿಂದ. ಅಲ್ಲಿಯವರೆಗೆ ಪರಿಸ್ಥಿತಿ ಹೀಗಿತ್ತು: ಬೇಲೂರಿನ ಬಳಪದ ಕಲ್ಲು ಕಪ್ಪುಮಿಶ್ರಿತ ಹಸಿರು ಬೂದು, ಅದರಿಂದ ಬರುವ ನೀಲಿ ಬೆಳಕು ಕಡಿಮೆ. ಹಿಂದಿನ ಆಕಾಶವೋ ನೀಲಿಯ ಸಾಗರ. ಕಲ್ಲಿನ ಕೆತ್ತನೆ ಮೂಡುವಷ್ಟು ಹೊತ್ತು ಮಸೂರ ತೆರೆದಿಟ್ಟರೆ ಆಕಾಶ ನೆಗೆಟಿವಿನಲ್ಲಿ ಪೂರ್ತಿ ಕಪ್ಪಾಗಿ, ಮೋಡಗಳೆಲ್ಲ ಮಾಯವಾಗಿ, ಮುದ್ರಿಸಿದಾಗ ಬರಿಯ ಬಿಳಿ ಹಾಳೆಯಾಗುತ್ತಿತ್ತು. ಕಾಗದದ ನಾರಿನಿಂದಾಗಿ ಆ ಬಿಳುಪೂ ಒಂದೇ ಸಮನಾಗಿರದೆ ಕಲೆಕಲೆಯಾಗಿರುತ್ತಿತ್ತು.

ಟ್ರೈಪ್ ಇದಕ್ಕೆ ಕಂಡುಕೊಂಡ ಉಪಾಯ ಕುಂಚ. 1855ರಲ್ಲಿ ಅವನು ಬ್ರಿಟಿಷ್ ನಿಯೋಗದೊಂದಿಗೆ ಬರ್ಮಾಕ್ಕೆ ಹೋಗಿ 200ಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ತಂದ. ಮರಳಿದ ಮೇಲೆ ಅವುಗಳ ಮೇಲೆ ಬಣ್ಣ ಬಳಿದು ಮೋಡಗಳನ್ನು ಮೂಡಿಸಿದ, ಗಿಡಮರಗಳ ಎಲೆಗಳನ್ನು ತಿದ್ದಿದ. ನೆಗೆಟಿವಿನಲ್ಲಿ ಬಣ್ಣ ಹಚ್ಚಿದ ಕಡೆ ಬೆಳಕು ತಡೆಯುತ್ತದೆ. ಆ ಜಾಗ ಮುದ್ರಣದಲ್ಲಿ ಬೆಳ್ಳಗಾಗುತ್ತದೆ. ಹೀಗೆ ಬೆಳಕನ್ನು ತಡೆಯುವ ಮೂಲಕವೇ ಅವನು ಬೆಳ್ಮುಗಿಲನ್ನು ಬರೆದ. ಕೆಳಗೆ ಕ್ಯಾಮೆರಾ ಕಂಡ ಕಟ್ಟಡ, ಮೇಲೆ ಕೈಯಿಂದ ಬರೆದ ಆಕಾಶ: ಎರಡು ಪದರ, ಒಂದು ಚಿತ್ರ. ಸರಕಾರಕ್ಕೆ ಬೇಕಾಗಿದ್ದುದು ಕಟ್ಟಡಗಳ ನಿಖರ ದಾಖಲೆ ಎಂಬುದನ್ನು ನೆನೆದರೆ ಈ ಮೋಡಗಳು ಸ್ವಲ್ಪ ಕಚಗುಳಿಯಿಡುತ್ತವೆ. 1857ರಲ್ಲಿ ಮದ್ರಾಸ್ ಪ್ರಾಂತ್ಯದ ಅಧಿಕೃತ ಛಾಯಾಗ್ರಾಹಕನಾಗಿ ನೇಮಕಗೊಂಡ ಮೇಲೆ ಅವನು ಮಾಡಿದ ಇನ್ನೊಂದು ಸಾಹಸವೂ ನಮ್ಮ ವಿಷಯಕ್ಕೆ ಹತ್ತಿರದ್ದು. ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನವನ್ನು 21 ನೆಗೆಟಿವ್‌ಗಳಲ್ಲಿ ತುಂಡುತುಂಡಾಗಿ ಹಿಡಿದು, ಮುದ್ರಣಗಳನ್ನು ಅಂಚಿಗೆ ಅಂಚು ಅಂಟಿಸಿ ಸುಮಾರು 19 ಅಡಿ ಉದ್ದದ ಒಂದೇ ಪಟ್ಟಿ ಮಾಡಿದ. ಇದು ಪಕ್ಕಪಕ್ಕದ ಜೋಡಣೆ. ಮೋಡದ್ದು ಮೇಲುಕೆಳಗಿನ ಜೋಡಣೆ. ಇಂದಿನ ತಂತ್ರಾಂಶಗಳು ಮಾಡುವ ಕೆಲಸಗಳಲ್ಲಿ ಬಹುಪಾಲು ಈ ಎರಡರ ಮಕ್ಕಳು ಮೊಮ್ಮಕ್ಕಳೇ.

ಮುಖಗಳನ್ನು ಬೆಸೆದವರು

ಆಕಾಶವನ್ನು ಬೇರೆ ನೆಗೆಟಿವಿನಿಂದ ತರಬಹುದಾದರೆ ಮನುಷ್ಯರನ್ನು ಏಕೆ ತರಬಾರದು? ಫ್ರಾನ್ಸಿನ ಗುಸ್ತಾವ್ ಲ ಗ್ರೇ 1857ರ ಸುಮಾರಿಗೆ ಕಡಲಿಗೊಂದು, ಮುಗಿಲಿಗೊಂದು ನೆಗೆಟಿವ್ ಬಳಸಿ ಒಂದೇ ಹಾಳೆಯಲ್ಲಿ ಮುದ್ರಿಸಿದ. ಅದೇ 1857ರಲ್ಲಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೇಲಾಂಡರ್ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಬೆಸೆದು 'ಬದುಕಿನ ಎರಡು ದಾರಿಗಳು' ಎಂಬರ್ಥದ ಹೆಸರಿನ ದೊಡ್ಡ ಚಿತ್ರವನ್ನು ರಚಿಸಿದ. ಒಬ್ಬೊಬ್ಬ ವ್ಯಕ್ತಿಯನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೂರಿಸಿ ತೆಗೆದ ಚಿತ್ರಗಳವು. ಮುದ್ರಿಸುವಾಗ ಒಂದು ನೆಗೆಟಿವಿನ ಭಾಗಕ್ಕೆ ಮಾತ್ರ ಬೆಳಕು ಬೀಳುವಂತೆ ಉಳಿದ ಹಾಳೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ, ನಂತರ ಮುಂದಿನದನ್ನಿಟ್ಟು, ಹೀಗೆ ವಾರಗಟ್ಟಲೆ ದುಡಿದ. ವಿಕ್ಟೋರಿಯಾ ರಾಣಿ ಒಂದು ಪ್ರತಿ ಕೊಂಡಳು. 1858ರಲ್ಲಿ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್‌ಗಳಿಂದ ಸಾವಿನ ಅಂಚಿನಲ್ಲಿರುವ ಹುಡುಗಿಯೊಬ್ಬಳ ಚಿತ್ರ ಮಾಡಿದಾಗ ಜನ ಸಿಟ್ಟಾದರು. ವರ್ಣಚಿತ್ರದಲ್ಲಿ ಇಂಥ ದೃಶ್ಯವನ್ನು ಸಹಿಸುತ್ತಿದ್ದವರು ಛಾಯಾಚಿತ್ರದಲ್ಲಿ ಸಹಿಸಲಿಲ್ಲ. ಕಾರಣ ಸ್ಪಷ್ಟವಿದೆ. ಛಾಯಾಚಿತ್ರವೆಂದರೆ ಅಲ್ಲಿ, ಆ ಹೊತ್ತು, ಅದು ನಡೆದಿತ್ತು ಎಂಬ ನಂಬಿಕೆ ಆಗಲೇ ಬೇರೂರಿತ್ತು.

ನಮ್ಮಲ್ಲಿ ಈ ಕೋಪ ಹುಟ್ಟಿದಂತೆ ಕಾಣುವುದಿಲ್ಲ. ನಮ್ಮ ಚಿತ್ರಕಾರರಿಗೆ ಹಲವು ಕಾಲದ ಜನರನ್ನು ಒಂದೇ ಚೌಕಟ್ಟಿನೊಳಗೆ ಕೂರಿಸುವುದು ಹೊಸದೇನಾಗಿರಲಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ 'ಸಂತಾನಾಂಬುಜ'ದಲ್ಲಿ ಒಡೆಯರ ವಂಶಾವಳಿ ತಾವರೆಯ ರೂಪದಲ್ಲಿ ಅರಳಿದೆ. ಶತಮಾನಗಳ ಅಂತರದಲ್ಲಿ ಬದುಕಿದ್ದವರು ಅಲ್ಲಿ ನೆರೆಹೊರೆಯವರು. ಇಂದಿನ ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಫಲಕಗಳಿವೆಯಷ್ಟೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಆಸ್ಥಾನ ಚಿತ್ರಕಾರರು ಅವುಗಳನ್ನು ರಚಿಸಿದ್ದು ಛಾಯಾಚಿತ್ರಗಳ ಆಧಾರದ ಮೇಲೆ. ಮೆರವಣಿಗೆಯಲ್ಲಿರುವ ಮುಖಗಳು ಹೆಸರುಳ್ಳ ನಿಜವಾದ ಜನರವು. ಛಾಯಾಚಿತ್ರಗಳನ್ನು ಬಿಡಿಬಿಡಿಯಾಗಿ ಹಿಡಿದು ಒಂದು ದೃಶ್ಯವಾಗಿ ಕಟ್ಟಿದ ಕೆಲಸವೆಂಬ ಅರ್ಥದಲ್ಲಿ ಇದು ರೇಲಾಂಡರನ ಪ್ರಯೋಗಕ್ಕೆ ದೂರದ ನೆಂಟ. ವ್ಯತ್ಯಾಸವೆಂದರೆ ಇಲ್ಲಿ ಹೊಲಿಗೆ ಮುಚ್ಚಿದ್ದು ಕುಂಚ.

ಊರಿನ ಸ್ಟುಡಿಯೋಗಳಲ್ಲೂ ಇದು ನಡೆದೇ ಇತ್ತು. ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ ಅಜ್ಜಿಯರ ಜೋಡಿ ಫೋಟೋ ಒಂದಿದೆ. ಅಜ್ಜ ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ ಮಾಡಿಸಿದ್ದು. ಹಳೆಯ ಗುಂಪುಚಿತ್ರವೊಂದರಿಂದ ಅಜ್ಜನನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಜ್ಜಿಯ ಹೊಸ ಚಿತ್ರದ ಪಕ್ಕ ಅಂಟಿಸಿ, ಅಂಚಿಗೆ ಕುಂಚದಿಂದ ಬೂದುಬಣ್ಣ ತೀಡಿ, ಮತ್ತೆ ಕ್ಯಾಮೆರಾದಲ್ಲಿ ಹಿಡಿದಿದ್ದಾರೆ. ಕೆಲಸ ಅಚ್ಚುಕಟ್ಟು. ಆದರೆ ಅಜ್ಜಿಯ ಮುಖದ ಮೇಲೆ ಬೆಳಕು ಎಡಗಡೆಯ ಕಿಟಕಿಯಿಂದ ಮೆತ್ತಗೆ ಬಿದ್ದಿದೆ. ಅಜ್ಜನ ಮೂಗಿನ ನೆರಳು ನೇರ ಕೆಳಗೆ, ಮೀಸೆಯ ಮೇಲೆ ಚೂಪಾಗಿ ಬಿದ್ದಿದೆ. ಒಬ್ಬರು ಒಳಗೆ ಕುಳಿತವರು, ಇನ್ನೊಬ್ಬರು ನಡುಹಗಲಿನ ಬಿಸಿಲಲ್ಲಿ ನಿಂತವರು. ಬೆಳಕಿನ ಪಾಠ ಹೇಳುವ ವೃತ್ತಿಗೆ ಬಂದ ಮೇಲೆ ನನಗೆ ಇದು ಪ್ರತಿಸಲವೂ ಕಣ್ಣಿಗೆ ಹೊಡೆಯುತ್ತದೆ. ಅಜ್ಜಿಗೆ ಅದನ್ನು ಹೇಳುವ ಅಗತ್ಯ ಎಂದೂ ಬೀಳಲಿಲ್ಲ. ಇಬ್ಬರೂ ಒಟ್ಟಿಗೆ ಕೂತಿರಲಿಲ್ಲವೆಂಬುದು ಅವರಿಗಲ್ಲದೆ ಇನ್ನಾರಿಗೆ ಗೊತ್ತಿತ್ತು? ಆ ಚಿತ್ರ ಸುಳ್ಳೆಂದು ನಾನು ಒಪ್ಪುವುದಿಲ್ಲ. ಅದೇ ವಿಧಾನದಲ್ಲಿ ಒಬ್ಬನ ತಲೆಯನ್ನು ಇನ್ನೊಬ್ಬನ ಭುಜದ ಮೇಲೆ ಕೂರಿಸಿ ನ್ಯಾಯಾಲಯಕ್ಕೆ ಒಯ್ದರೆ ಅದು ಸುಳ್ಳು. ಅಮೆರಿಕದ ಅಬ್ರಹಾಂ ಲಿಂಕನ್ನನ ಪ್ರಸಿದ್ಧ ನಿಲುವಿನ ಚಿತ್ರವೊಂದರಲ್ಲಿ ತಲೆ ಮಾತ್ರ ಲಿಂಕನ್ನನದು, ದೇಹ ಅವನ ವಿರೋಧಿ ಪಾಳೆಯದ ಕ್ಯಾಲ್‌ಹೌನನದು!

ಸಿನಿಮಾದವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. 1978ರ 'ಶಂಕರ್ ಗುರು' ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಮೂರು ಪಾತ್ರಗಳಲ್ಲಿದ್ದಾರೆ. ದ್ವಿಪಾತ್ರ, ತ್ರಿಪಾತ್ರಗಳನ್ನು ಒಂದೇ ಚೌಕಟ್ಟಿನಲ್ಲಿ ತರಲು ಆ ಕಾಲದಲ್ಲಿ ಮಸೂರದ ಅರ್ಧವನ್ನು ಮುಚ್ಚಿ ಒಮ್ಮೆ ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಮುಚ್ಚಿದ್ದ ಅರ್ಧವನ್ನು ತೆರೆದು ಮತ್ತೊಮ್ಮೆ ಚಿತ್ರೀಕರಿಸುವುದು ರೂಢಿಯಲ್ಲಿದ್ದ ವಿಧಾನ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಡುವೆ ಗೆರೆ ಕಾಣುತ್ತಿತ್ತು. ಜಾಲಂಧ್ರದ ಲೆಕ್ಕವೇ, ರಂಧ್ರ ಮಾತ್ರ ದೊಡ್ಡದು.

ಗಾಲ್ಟನ್ನನ ಸರಾಸರಿ ಮುಖ

ಇಲ್ಲಿಯವರೆಗೆ ಹೇಳಿದ್ದು ಒಂದು ಜಾಗದಲ್ಲಿ ಒಂದೇ ಚಿತ್ರ ಕಾಣುವ ಬೆಸುಗೆ. ಒಂದೇ ಜಾಗದಲ್ಲಿ ಹಲವು ಚಿತ್ರಗಳು ಏಕಕಾಲಕ್ಕೆ ಕಂಡರೆ? ಫ್ರಾನ್ಸಿಸ್ ಗಾಲ್ಟನ್ 1877-78ರಲ್ಲಿ ಇದನ್ನು ಮಾಡಿ ನೋಡಿದ. ಕಣ್ಣುಗಳು ಒಂದೇ ಜಾಗಕ್ಕೆ ಬರುವಂತೆ ಹಲವರ ಮುಖಚಿತ್ರಗಳನ್ನು ಹೊಂದಿಸಿ, ಒಂದೇ ತಟ್ಟೆಯ ಮೇಲೆ ಒಂದರ ನಂತರ ಒಂದನ್ನು ಎಕ್ಸ್‌ಪೋಸ್ ಮಾಡಿದ. ಒಂದು ಚಿತ್ರಕ್ಕೆ ಬೇಕಾದ ಹೊತ್ತು 80 ಸೆಕೆಂಡು ಎಂದಿಟ್ಟುಕೊಳ್ಳಿ. ಎಂಟು ಮುಖಗಳಿದ್ದರೆ ಪ್ರತಿಯೊಂದಕ್ಕೂ 10 ಸೆಕೆಂಡು. ಬೆಳಕಿನ ಪರಿಣಾಮ ಕೂಡುತ್ತಾ ಹೋಗುವುದರಿಂದ ಸಿಗುವುದು ಎಂಟರ ಸರಾಸರಿ. ಸಮಾನವಾದ ಲಕ್ಷಣಗಳು ಗಟ್ಟಿಯಾಗಿ ಉಳಿಯುತ್ತವೆ, ಒಬ್ಬರಿಗೊಬ್ಬರಿಗೆ ಬೇರೆಯಾದವು ಮಬ್ಬಾಗಿ ಕರಗುತ್ತವೆ.

ಗಾಲ್ಟನ್ನನ ಉದ್ದೇಶ ಮಾತ್ರ ಬೇರೆ. ಅಪರಾಧಿಗಳ ಮುಖಗಳನ್ನು ಹೀಗೆ ಬೆರೆಸಿದರೆ 'ಅಪರಾಧಿಯ ಮಾದರಿ ಮುಖ' ಹೊರಬೀಳುತ್ತದೆ ಎಂದು ಅವನು ಎಣಿಸಿದ್ದ. ಬಂದ ಮುಖ ಬಿಡಿಮುಖಗಳಿಗಿಂತ ಸುಂದರವಾಗಿಯೂ ಸಭ್ಯವಾಗಿಯೂ ಇತ್ತು! ಕೆಟ್ಟತನ ಮುಖದಲ್ಲಿ ಬರೆದಿರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ವಾರಸ್ಯಕರ ಪ್ರಯೋಗ ಬೇಕಿರಲಿಲ್ಲ. ಅವನು ಆ ಪಾಠ ಕಲಿಯದೆ 1883ರಲ್ಲಿ ಸುಸಂತಾನಶಾಸ್ತ್ರಕ್ಕೆ ಹೆಸರಿಟ್ಟು, ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಭಯಂಕರ ಫಲ ಕೊಟ್ಟ ವಿಚಾರಧಾರೆಯೊಂದಕ್ಕೆ ನೀರೆರೆದ. ಅವನ ಸಿದ್ಧಾಂತ ಹೋಯಿತು. ಸರಾಸರಿ ತೆಗೆಯುವ ತಂತ್ರ ಉಳಿಯಿತು. ಖಗೋಳ ಛಾಯಾಗ್ರಾಹಕರು ಮಂದವಾದ ನೀಹಾರಿಕೆಯ ನೂರು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯುತ್ತಾರೆ. ಯಾದೃಚ್ಛಿಕ ಗದ್ದಲ ಚಿತ್ರಗಳ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಇಳಿಯುವುದರಿಂದ ನೂರು ಚಿತ್ರಗಳಿಗೆ ಅದು ಹತ್ತನೆಯ ಒಂದಾಗುತ್ತದೆ. ರಾತ್ರಿ ಹೊತ್ತು ಇಂದಿನ ಮೊಬೈಲ್ ಫೋನ್ ಕ್ಷಣದಲ್ಲಿ ಹಲವು ಚಿತ್ರ ತೆಗೆದು ಒಂದಾಗಿಸುವುದೂ ಇದೇ ಲೆಕ್ಕದಿಂದ.

ಸರಾಸರಿಯ ಬದಲು ಮಧ್ಯಾಂಕವನ್ನು ತೆಗೆದುಕೊಂಡರೆ ಇನ್ನೊಂದು ಚಮತ್ಕಾರ. ಬೇಲೂರಿನ ಅಂಗಳದಲ್ಲಿ ರಜಾದಿನ ಖಾಲಿ ಗುಡಿಯ ಚಿತ್ರ ಸಿಗುವುದು ಕನಸಿನ ಮಾತು. ತ್ರಿಪಾದಿಯ ಮೇಲೆ ಕ್ಯಾಮೆರಾ ನಿಲ್ಲಿಸಿ (ಮೊದಲು ಅನುಮತಿ ಕೇಳಿ) ಅರ್ಧ ನಿಮಿಷಕ್ಕೊಂದರಂತೆ ಹದಿನೈದು ಚಿತ್ರ ತೆಗೆಯಿರಿ. ಯಾವುದೇ ಒಂದು ಬಿಂದುವಿನಲ್ಲಿ ಹದಿನೈದರ ಪೈಕಿ ಹೆಚ್ಚಿನ ಚಿತ್ರಗಳಲ್ಲಿ ಕಲ್ಲೇ ಇರುತ್ತದೆ, ನಾಲ್ಕೈದರಲ್ಲಿ ಯಾರದೋ ಅಂಗಿ ಇರಬಹುದು. ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿದರೆ ಅಂಗಿ ಹೋಗಿ ಕಲ್ಲು ಉಳಿಯುತ್ತದೆ. 1854ರಲ್ಲಿ ಟ್ರೈಪನ ಕಾಗದ ತನ್ನ ನಿಧಾನದಿಂದ ಮಾಡಿದ್ದನ್ನು ನಾವು ಅಂಕಗಣಿತದಿಂದ ಮಾಡಿದಂತಾಯಿತು.

ಬೆಳಕು ಅಂಕಿಯಾದಾಗ

ಛಾಯಾಚಿತ್ರವನ್ನು ಅಂಕಿಗಳನ್ನಾಗಿಸಿದ ಮೊದಲ ಪ್ರಯತ್ನದಲ್ಲೂ ಇದ್ದದ್ದು ಒಂದು ಮುಖವೇ. 1957ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರಸೆಲ್ ಕಿರ್ಶ್ ಮತ್ತು ಸಂಗಡಿಗರು ಕಿರ್ಶ್‌ನ ಮೂರು ತಿಂಗಳ ಮಗನ ಚಿತ್ರವನ್ನು 176 × 176 ಚೌಕಗಳಾಗಿ ಕಂಪ್ಯೂಟರಿಗೆ ಉಣಿಸಿದರು. ಅವರ ಯಂತ್ರಕ್ಕೆ ಕಪ್ಪು, ಬಿಳಿ ಎರಡೇ ಗೊತ್ತು. ಬೂದುಬಣ್ಣ ತರಲು ಅವರು ಬೇರೆ ಬೇರೆ ಮಿತಿಗಳಲ್ಲಿ ಹಲವು ಸಲ ಓದಿಸಿ ಆ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರು. ಎಂದರೆ ಅಂಕೀಯ ಚಿತ್ರ ಹುಟ್ಟುವಾಗಲೇ ಪದರಗಳೊಡನೆ ಹುಟ್ಟಿತು.

'ಪದರ'ದ ಕಲ್ಪನೆಗೆ ಇನ್ನೊಂದು ಮೂಲ ವ್ಯಂಗ್ಯಚಿತ್ರದ ಚಲನಚಿತ್ರಗಳು. 1914ರ ಸುಮಾರಿಗೆ ಅರ್ಲ್ ಹರ್ಡ್ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಪಾತ್ರಗಳನ್ನು ಬರೆದು, ಅಲುಗದ ಹಿನ್ನೆಲೆಯ ಮೇಲೆ ಇಡುವ ವಿಧಾನವನ್ನು ತಂದ. ಹಾಳೆಯ ಒಂದು ಭಾಗ ತುಂಬಿದೆ, ಇನ್ನೊಂದು ಬರಿದು. ಈ ಗುಣವನ್ನು ಅಂಕಿಯಲ್ಲಿ ಹೇಳುವುದು ಹೇಗೆ? 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಉತ್ತರ ಕೊಟ್ಟರು: ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳ ಜೊತೆ ನಾಲ್ಕನೆಯದೊಂದನ್ನು ಇಡಿ. ಅದೇ ಆಲ್ಫಾ. ಆಲ್ಫಾ 1 ಆದರೆ ಕಲ್ಲು, 0 ಆದರೆ ರಂಧ್ರ. ನಡುವಿನ ಬೆಲೆಗಳಿಗೆ ಬೇಲೂರಿನಲ್ಲಿ ಉಪಮಾನವಿಲ್ಲ. ತೆಳು ಸೆರಗು ಎನ್ನಬಹುದು.

ಫಲಿತ ಬೆಲೆ = ಆಲ್ಫಾ × ಮೇಲಿನ ಬೆಲೆ + (1 − ಆಲ್ಫಾ) × ಕೆಳಗಿನ ಬೆಲೆ

ಮೇಲಿನ ಮುಖದ ಪಿಕ್ಸೆಲ್ 200, ಕೆಳಗಿನ ಗೋಡೆಯದು 80, ಆಲ್ಫಾ 0.25 ಎಂದಾದರೆ 50 + 60 = 110. ಇಷ್ಟೇ. 1984ರಲ್ಲಿ ಲ್ಯೂಕಾಸ್ ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಎರಡು ಪದರಗಳನ್ನು ಕೂಡಿಸುವ ಹನ್ನೆರಡು ಬಗೆಗಳನ್ನು ಒಂದು ಬೀಜಗಣಿತವಾಗಿ ವ್ಯವಸ್ಥೆಗೊಳಿಸಿದರು. ಈ ನಾಲ್ವರಿಗೂ 1996ರಲ್ಲಿ ಆಸ್ಕರ್ ಸಂಸ್ಥೆಯ ತಾಂತ್ರಿಕ ಪುರಸ್ಕಾರ ಸಂದಿತು. ಹೈಸ್ಕೂಲಿನ ಮಟ್ಟದ ಒಂದು ಸೂತ್ರಕ್ಕೆ ಆಸ್ಕರ್ ಬಂದದ್ದನ್ನು ಗಣಿತವೆಂದರೆ ಮುಖ ಸಿಂಡರಿಸುವ ವಿದ್ಯಾರ್ಥಿಗಳಿಗೆ ಹೇಳಬೇಕು.

ಫೋಟೋಶಾಪ್ ಬಂದದ್ದು ಆಮೇಲೆ. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟಿಗೆ ಓದುತ್ತಿದ್ದ ಥಾಮಸ್ ನೋಲ್ 1987ರಲ್ಲಿ ತನ್ನ ಮ್ಯಾಕಿಂಟಾಷ್ ಪರದೆಯ ಮೇಲೆ ಬೂದು ಛಾಯೆಗಳನ್ನು ತೋರಿಸಲು ಬರೆದ ಪುಟ್ಟ ಕ್ರಮವಿಧಿಯಿಂದ ಅದು ಬೆಳೆಯಿತು. ಸಿನಿಮಾ ತಂತ್ರಗಳ ಸಂಸ್ಥೆಯಲ್ಲಿದ್ದ ತಮ್ಮ ಜಾನ್ ಜೊತೆಗೂಡಿದ. 1990ರ ಫೆಬ್ರವರಿಯಲ್ಲಿ ಅಡೋಬಿ ಸಂಸ್ಥೆ ಮೊದಲ ಆವೃತ್ತಿಯನ್ನು ಹೊರತಂತು. ಅದರಲ್ಲಿ ಪದರಗಳೇ ಇರಲಿಲ್ಲ ಎಂದರೆ ಈಗಿನವರು ನಂಬಲಾರರು. ಅಂಟಿಸಿದ ಮುಖ ಒಮ್ಮೆ ಕೆಳಗಿನ ಚಿತ್ರದಲ್ಲಿ ಬೆರೆತರೆ ಮುಗಿಯಿತು, ಬ್ಲೇಡು ಗೋಂದಿನ ಕಾಲದ ಹಾಗೆಯೇ. ಪದರಗಳು ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಪದರವೆಂದರೆ ಸ್ಮರಣೆಯ ಖರ್ಚು ಎಂಬುದನ್ನು ನೋಡಿ: 3000 × 2000 ಪಿಕ್ಸೆಲ್ಲಿನ ಒಂದು ಬಣ್ಣದ ಚಿತ್ರಕ್ಕೆ ಆಲ್ಫಾ ಸೇರಿ 2.4 ಕೋಟಿ ಬೈಟು, ಹತ್ತು ಪದರಕ್ಕೆ 24 ಕೋಟಿ. ಅಂದಿನ ಮನೆ ಕಂಪ್ಯೂಟರಿನ ಸ್ಮರಣೆ ಇದರ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ. ಬರ್ಕ್‌ಲಿಯ ವಿದ್ಯಾರ್ಥಿಗಳಾಗಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ 1995ರಲ್ಲಿ ಆರಂಭಿಸಿದ ಜಿಂಪ್ ಮುಕ್ತ ತಂತ್ರಾಂಶ. ಶಾಲೆಗಳು ಹಣ ಕೊಡದೆ ಬಳಸಬಹುದಾದದ್ದು, ಇಲ್ಲಿ ಹೇಳುತ್ತಿರುವ ಪದರದ ಕೆಲಸಗಳಿಗೆ ಧಾರಾಳ ಸಾಕು.

ಪದರಗಳನ್ನು ಬೆರೆಸುವ ಬಗೆಗಳಲ್ಲಿ 'ಗುಣಿಸು' ಎಂಬರ್ಥದ ಮಲ್ಟಿಪ್ಲೈ ಎಂಬುದೊಂದಿದೆ. ವಿದ್ಯಾರ್ಥಿಗಳು ಇದನ್ನು ಬಳಸುತ್ತಾರೆ, ಏಕೆ ಗುಣಾಕಾರ ಎಂದು ಕೇಳುವುದಿಲ್ಲ. ಎರಡು ಫಿಲ್ಮುಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಮೊದಲನೆಯದು ಅರ್ಧ ಬೆಳಕನ್ನು ಬಿಟ್ಟರೆ, ಎರಡನೆಯದು ಆ ಅರ್ಧದ ಅರ್ಧವನ್ನು ಬಿಡುತ್ತದೆ, ಉಳಿದದ್ದು ಕಾಲು. ಪಾರಕತೆಗಳು ಗುಣಿಸಲ್ಪಡುತ್ತವೆ. ಹರ್ಟರ್ ಮತ್ತು ಡ್ರಿಫೀಲ್ಡ್ 1890ರಲ್ಲಿ ಮಾಡಿದಂತೆ ಲಾಗರಿದಮ್ಮಿನಲ್ಲಿ ಸಾಂದ್ರತೆಯನ್ನು ಅಳೆದರೆ 0.3ಕ್ಕೆ 0.3 ಕೂಡಿ 0.6. ಟ್ರೈಪನ ಮೋಡದ ಬಣ್ಣವೂ ಕಾಗದದ ಬೆಳ್ಳಿಯೂ ಕೂಡಿದ್ದು ಹೀಗೆಯೇ. ಎರಡು ಪ್ರೊಜೆಕ್ಟರುಗಳಿಂದ ಒಂದೇ ಪರದೆಗೆ ಚಿತ್ರ ಬಿಟ್ಟರೆ ಮಾತ್ರ ಬೆಳಕು ಸಂಕಲನವಾಗುತ್ತದೆ.

ಸೂತ್ರ ಸರಿಯಿದ್ದರೂ ಒಂದು ಕಡೆ ತಂತ್ರಾಂಶ ಭೌತಶಾಸ್ತ್ರಕ್ಕೆ ಮೋಸ ಮಾಡುತ್ತದೆ. ಕಡತದಲ್ಲಿರುವ ಅಂಕಿಗಳು ಬೆಳಕಿನ ಪ್ರಮಾಣಕ್ಕೆ ನೇರ ಅನುಪಾತದಲ್ಲಿರುವುದಿಲ್ಲ. ಪರದೆಯ ಬೆಳಕು ಅಂಕಿಯ ಸುಮಾರು 2.2ನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಕಪ್ಪು ಕೂದಲಿನ (0) ಅಂಚು ಬಿಳಿ ಗೋಡೆಯೊಡನೆ (255) ಅರ್ಧರ್ಧ ಬೆರೆಯಬೇಕು. ಅಂಕಿಗಳ ಸರಾಸರಿ 128. ಆದರೆ 128 ಪರದೆಯ ಮೇಲೆ ಸೂಸುವುದು ಬಿಳಿಯ ಸೇ. 22ರಷ್ಟು ಬೆಳಕನ್ನು ಮಾತ್ರ. ನಿಜವಾದ ಅರ್ಧ ಬೆಳಕಿಗೆ ಅಂಕಿ 186 ಆಗಬೇಕು. ಕತ್ತರಿಸಿ ಕೂರಿಸಿದ ತಲೆಗಳ ಸುತ್ತ ಕಾಣುವ ಕೊಳಕು ಕಪ್ಪಂಚಿಗೆ ಒಂದು ಕಾರಣ ಇದು. ಜಿಂಪ್‌ನ ಈಚಿನ ಆವೃತ್ತಿಗಳಲ್ಲಿ 'ಲೀನಿಯರ್ ಲೈಟ್' ಎಂಬ ಆಯ್ಕೆಯಿದೆ, ಪ್ರಯತ್ನಿಸಿ ನೋಡಬಹುದು.

ನೆರಳು ಹೇಳುವ ಸಾಕ್ಷಿ

1982ರ ಫೆಬ್ರವರಿಯ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ರಕ್ಷಾಪುಟದಲ್ಲಿ ಗೀಜಾದ ಎರಡು ಪಿರಮಿಡ್‌ಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಲಾಗಿತ್ತು, ಅಡ್ಡಚಿತ್ರ ಉದ್ದಪುಟದಲ್ಲಿ ಹಿಡಿಸಲೆಂದು. ದೊಡ್ಡ ಗದ್ದಲವಾಯಿತು. ಇಂಥ ಪ್ರಶ್ನೆ ನಮಗೂ ದೂರದ್ದಲ್ಲ. ಬೇಲೂರಿನ ಗರ್ಭಗುಡಿಯ ಮೇಲಿದ್ದ ಶಿಖರವನ್ನು ಕೆಳಗಿನ ಕಟ್ಟಡಕ್ಕೆ ಅಪಾಯವಾಗದಿರಲೆಂದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಇಳಿಸಲಾಯಿತು. ಇಂದು ಗುಡಿಗೆ ಶಿಖರವಿಲ್ಲ. ಯಾರಾದರೂ ಸೋಮನಾಥಪುರದ ಶಿಖರವನ್ನು ಕತ್ತರಿಸಿ ಬೇಲೂರಿನ ಮೇಲೆ ಕೂರಿಸಿ, ಬಣ್ಣ ಮಾಸಿಸಿ, ಹಳೆಯ ಚಿತ್ರವೆಂದು ಹರಿಯಬಿಟ್ಟರೆ? ಜಿಂಪ್ ಬಲ್ಲ ವಿದ್ಯಾರ್ಥಿಗೆ ಅದು ಒಂದು ಸಂಜೆಯ ಕೆಲಸ. 2023ರಿಂದ ಈಚೆಗಂತೂ ಬರಿಯ ಮಾತಿನಲ್ಲಿ ಕೇಳಿದರೂ ತಂತ್ರಾಂಶವೇ ಚಿತ್ರದ ಭಾಗ ಹುಟ್ಟಿಸಿಕೊಡುತ್ತದೆ. ಅದೇ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಜೀರ್ಣೋದ್ಧಾರಕ್ಕೆ ಹಳೆಯ ಚಿತ್ರಗಳೇ ಆಧಾರವಾಗುವಾಗ ಒಂದು ಸುಳ್ಳು ಶಿಖರ ತಮಾಷೆಯ ವಸ್ತುವಾಗಿ ಉಳಿಯುವುದಿಲ್ಲ.

ಪರೀಕ್ಷೆಗೆ ಒಳ್ಳೆಯ ಸಾಧನ ನೆರಳು. ಬೇಲೂರಿನ ಅಕ್ಷಾಂಶ ಸುಮಾರು 13.2 ಡಿಗ್ರಿ ಉತ್ತರ. ಡಿಸೆಂಬರ್ ಅಯನ ಸಂಕ್ರಾಂತಿಯ ನಡುಹಗಲಿನಲ್ಲಿ ಸೂರ್ಯನ ಎತ್ತರ 90 − 13.2 − 23.4 = 53.4 ಡಿಗ್ರಿ, ಒಂದು ಮೀಟರ್ ಕೋಲಿನ ನೆರಳು ಉತ್ತರಕ್ಕೆ ಸುಮಾರು 74 ಸೆಂಟಿಮೀಟರ್. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ ಮಧ್ಯಭಾಗದವರೆಗೆ ನಡುಹಗಲಿನಲ್ಲಿ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. ಗಡಿಯಾರದ ಹನ್ನೆರಡು ನಡುಹಗಲಲ್ಲ ಎಂಬುದೂ ನೆನಪಿರಲಿ. ಬೇಲೂರಿನ ರೇಖಾಂಶ ಸುಮಾರು 75.9 ಆದ್ದರಿಂದ ಅಲ್ಲಿ ಸರಾಸರಿ ನಡುಹಗಲು ಬರುವುದು 12 ಗಂಟೆ 26 ನಿಮಿಷಕ್ಕೆ. ಗುಡಿ ಪೂರ್ವಾಭಿಮುಖ. ಹೀಗಾಗಿ ಮುಂಬಾಗಿಲ ಮದನಿಕೆಯರ ಮೇಲೆ ನೇರ ಬಿಸಿಲಿದ್ದರೆ ಅದು ಬೆಳಗಿನ ಚಿತ್ರ. ಆ ಚಿತ್ರದ ಮುಂದೆ ನಿಂತ ಕುಟುಂಬದ ನೆರಳು ಕ್ಯಾಮೆರಾದ ಎಡಕ್ಕೊಂದು ಬಲಕ್ಕೊಂದು ಬಿದ್ದಿದ್ದರೆ ಯಾರೋ ಒಬ್ಬರು ಅಲ್ಲಿಗೆ ಹೋಗಿಯೇ ಇಲ್ಲ.

ತರಗತಿಯಲ್ಲಿ ಗಾಲ್ಟನ್ನನ ಪ್ರಯೋಗವನ್ನು ಅವನ ದುರುದ್ದೇಶ ಬಿಟ್ಟು ಮಾಡಬಹುದು. ಒಪ್ಪಿಗೆ ಕೊಟ್ಟ ವಿದ್ಯಾರ್ಥಿಗಳ ಮುಖಗಳನ್ನು ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ ತೆಗೆಯಿರಿ. ಪ್ರತಿ ಚಿತ್ರವನ್ನೂ ಒಂದು ಪದರವಾಗಿ ತೆರೆದು ಕಣ್ಣುಗಳು ಹೊಂದುವಂತೆ ಸರಿಸಿ, ಅಳತೆ ಬದಲಿಸಿ. ಈಗ ಪಾರದರ್ಶಕತೆಯನ್ನು ಎಷ್ಟಿಡಬೇಕು? ಎಲ್ಲಕ್ಕೂ ಸೇ. 50 ಎನ್ನುವುದು ಮಕ್ಕಳು ಕೊಡುವ ಮೊದಲ ಉತ್ತರ. ಹಾಗೆ ಮಾಡಿದರೆ ಮೇಲಿನ ಮುಖಕ್ಕೆ ಅರ್ಧ ಪಾಲು, ಅದರ ಕೆಳಗಿನದಕ್ಕೆ ಕಾಲು, ಅದರ ಕೆಳಗಿನದಕ್ಕೆ ಎಂಟರಲ್ಲೊಂದು; ತಳದವರಿಗೆ ಅನ್ಯಾಯ. ಸಮಪಾಲು ಬೇಕಾದರೆ ತಳದ ಪದರದ ಅಪಾರಕತೆ 1, ಎರಡನೆಯದು 1/2, ಮೂರನೆಯದು 1/3, ನಾಲ್ಕನೆಯದು 1/4. ನಾಲ್ಕನೆಯದಕ್ಕೆ 1/4 ಹೋಗಿ ಉಳಿದ 3/4ರಲ್ಲಿ ಮೂರನೆಯದು 1/3 ತೆಗೆದುಕೊಂಡರೆ ಅದರ ಪಾಲೂ 1/4 ತಾನೇ? ಕೆಳಗಿನ ಎರಡರ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಲಿ.

ಕೆಲಸ ಮುಗಿದ ಮೇಲೆ ಕಡತವನ್ನು ಎರಡು ರೂಪದಲ್ಲಿ ಉಳಿಸಿ: ಮುದ್ರಣಕ್ಕೆ ಪದರಗಳು ಬೆರೆತ ಒಂದು ಪ್ರತಿ, ಪದರಗಳು ಬಿಡಿಯಾಗಿಯೇ ಇರುವ ಇನ್ನೊಂದು. ಪ್ರತಿ ಪದರಕ್ಕೂ ಯಾರ ಮುಖ, ಎಂದು ತೆಗೆದದ್ದು ಎಂದು ಹೆಸರಿಡಿ. ಟ್ರೈಪನ ಬಣ್ಣ ಬಳಿದ ನೆಗೆಟಿವ್‌ಗಳಲ್ಲಿ ಕೆಲವು ಇನ್ನೂ ಸಂಗ್ರಹಗಳಲ್ಲಿವೆ. ಬೆಳಕನ್ನು ಹಿಂದಿನಿಂದ ಹಾಯಿಸಿದರೆ ಮೋಡವೂ ಕಟ್ಟಡವೂ ಒಂದೇ ಚಿತ್ರವಾಗಿ ಕಾಣುತ್ತವೆ. ಬದಿಯಿಂದ ಬೆಳಕು ಬಿಟ್ಟರೆ ಕಾಗದದ ಮೇಲೆ ಕೂತ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ.